ಮೊನಜೈಟ್: ಒಂದೇ ಕಣದಲ್ಲಿ ಸಂಪತ್ತೂ ವಿಕಿರಣವೂ

ಕೇರಳದ ಕೊಲ್ಲಂ ಜಿಲ್ಲೆಯ ಚವರ, ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚಿ, ಒಡಿಶಾದ ಗಂಜಾಂ ಜಿಲ್ಲೆಯ ಛತ್ರಪುರ. ಈ ಮೂರೂ ಕಡಲತೀರಗಳಲ್ಲಿ ಕಪ್ಪು ಮರಳಿನ ಪಟ್ಟಿಗಳು ಕಾಣಸಿಗುತ್ತವೆ. ಕಪ್ಪು ಬಣ್ಣಕ್ಕೆ ಕಾರಣ ಟೈಟಾನಿಯಂ ಅದಿರಾದ ಇಲ್ಮೆನೈಟ್. ಆ ಕಪ್ಪಿನ ನಡುವೆ ಅಲ್ಲಲ್ಲಿ ಜೇನುಬಣ್ಣದ, ಅರಳಿನಂಥ ಹೊಳಪುಳ್ಳ ಸಣ್ಣ ಕಣಗಳೂ ಬೆರೆತಿರುತ್ತವೆ. ಪ್ರಮಾಣದಲ್ಲಿ ಅತ್ಯಲ್ಪವಾದ ಈ ಕಣಗಳೇ ಮೊನಜೈಟ್. ವಿದ್ಯುತ್ ವಾಹನದ ಮೋಟಾರಿಗೆ ಬೇಕಾದ ನಿಯೋಡಿಮಿಯಂ ಲೋಹವೂ, ಪರಮಾಣು ಇಂಧನವೆಂದು ಭಾರತ ದಶಕಗಳಿಂದ ಕಾಯ್ದಿಟ್ಟುಕೊಂಡಿರುವ ಥೋರಿಯಂ ಕೂಡ ಇರುವುದು ಇದರೊಳಗೇ.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳು ಹಾಗೂ ಅವುಗಳಿಂದ ತಯಾರಾಗುವ ಅಯಸ್ಕಾಂತಗಳ ರಫ್ತಿನ ಮೇಲೆ ನಿಯಂತ್ರಣ ಹೇರಿದ ಬಳಿಕ ಮೊನಜೈಟ್ ಎಂಬ ಹೆಸರು ಮತ್ತೆ ಸುದ್ದಿಗೆ ಬಂದಿದೆ. ‘ನಮ್ಮ ಕರಾವಳಿಯಲ್ಲೇ ಅಷ್ಟೊಂದು ನಿಕ್ಷೇಪವಿರುವಾಗ ಹೊರಗಿನವರನ್ನು ಅವಲಂಬಿಸಬೇಕೇಕೆ’ ಎಂಬ ಪ್ರಶ್ನೆ ಸಹಜ. ಉತ್ತರ ರಾಜಕೀಯದಲ್ಲಿ ಎಷ್ಟಿದೆಯೋ, ಈ ಖನಿಜದ ಹರಳಿನ ರಚನೆಯಲ್ಲೂ ಅಷ್ಟೇ ಇದೆ. ಪ್ರಕೃತಿಯು ಇಲ್ಲಿ ಬೇಕಾದ ಲೋಹವನ್ನೂ ವಿಕಿರಣಶೀಲ ಲೋಹವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದೆ. ಆ ಗಂಟನ್ನು ಬಿಚ್ಚದೆ ಒಂದನ್ನು ಮಾತ್ರ ಎತ್ತಿಕೊಳ್ಳಲು ಬರುವುದಿಲ್ಲ.

ಹೆಸರಿನ ಹಿನ್ನೆಲೆ

ಜರ್ಮನಿಯ ಖನಿಜಶಾಸ್ತ್ರಜ್ಞ ಯೋಹಾನ್ ಔಗುಸ್ಟ್ ಬ್ರೈಟ್‌ಹೌಪ್ಟ್ 1829ರಲ್ಲಿ ಈ ಖನಿಜಕ್ಕೆ ಹೆಸರಿಟ್ಟರು. ರಷ್ಯಾದ ಉರಲ್ ಪ್ರದೇಶದ ಇಲ್ಮೆನ್ ಬೆಟ್ಟಗಳಿಂದ ಬಂದ ಮಾದರಿಗಳಲ್ಲಿ ಇದರ ಹರಳುಗಳು ಬಿಡಿಬಿಡಿಯಾಗಿ, ಒಂಟಿಯಾಗಿ ಕಂಡುಬಂದಿದ್ದವು. ಆದ್ದರಿಂದ ‘ಒಂಟಿಯಾಗಿರು’ ಎಂಬ ಅರ್ಥದ ಗ್ರೀಕ್ ಪದವನ್ನು ಅವರು ಆರಿಸಿಕೊಂಡರು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಯಾನ್ಸ್ ಯಾಕೋಬ್ ಬರ್ಜೇಲಿಯಸ್ ಅವರು ಥೋರಿಯಂ ಎಂಬ ಹೊಸ ಮೂಲಧಾತುವನ್ನು ಪ್ರಕಟಿಸಿದ್ದೂ ಅದೇ ವರ್ಷ. ಆದರೆ ಅವರಿಗೆ ಥೋರಿಯಂ ದೊರೆತದ್ದು ನಾರ್ವೆಯ ಬೇರೊಂದು ಖನಿಜದಲ್ಲಿ. ಇವೆರಡರ ನಂಟು ವ್ಯಾಪಾರಕ್ಕೆ ಮುಖ್ಯವಾದದ್ದು ಅರ್ಧ ಶತಮಾನ ಕಳೆದ ಮೇಲೆ.

ಮೊನಜೈಟ್ ವಿರಳವೇ ಎಂಬುದಕ್ಕೆ ಎರಡು ಉತ್ತರಗಳಿವೆ. ಸೂಕ್ಷ್ಮದರ್ಶಕದಡಿ ನೋಡಿದರೆ ಅನೇಕ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಒಂದೆರಡು ಕಣ ಸಿಕ್ಕೇ ಸಿಗುತ್ತದೆ. ಆದರೆ ಶಿಲೆಯ ಒಟ್ಟು ತೂಕದಲ್ಲಿ ಅದರ ಪಾಲು ತೀರಾ ನಗಣ್ಯ. ಅಗೆದು ತೆಗೆಯುವಷ್ಟು ಪ್ರಮಾಣದಲ್ಲಿ ಒಂದೆಡೆ ಶೇಖರವಾಗಿರುವ ತಾಣಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ವಿರಳತೆ ಇರುವುದು ಈ ಶೇಖರಣೆಯಲ್ಲಿ.

ಗುಣಲಕ್ಷಣಗಳು

ರಾಸಾಯನಿಕವಾಗಿ ಮೊನಜೈಟ್ ಒಂದು ಫಾಸ್ಫೇಟ್, ಅಂದರೆ ರಂಜಕ ಮತ್ತು ಆಮ್ಲಜನಕ ಸೇರಿದ ಘಟಕವೇ ಇದರ ಅಡಿಪಾಯ. ಗೊಬ್ಬರಕ್ಕೆ ಬಳಕೆಯಾಗುವ ಅಪಟೈಟ್ ಸಹ ಫಾಸ್ಫೇಟ್ ಖನಿಜವೇ. ಅಪಟೈಟಿನಲ್ಲಿ ಕ್ಯಾಲ್ಸಿಯಂ ಇರುವ ಜಾಗದಲ್ಲಿ ಮೊನಜೈಟಿನಲ್ಲಿ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಮುಂತಾದ ವಿರಳ ಭೂಲೋಹಗಳಿರುತ್ತವೆ. ಇವುಗಳಲ್ಲಿ ಯಾವುದರ ಪಾಲು ಹೆಚ್ಚೋ ಅದರ ಹೆಸರನ್ನು ಖನಿಜದ ಹೆಸರಿನ ಜೊತೆ ಸೇರಿಸಿ ಹೇಳುವುದು ರೂಢಿ. ಎಲ್ಲೆಡೆ ಹೆಚ್ಚು ಸಿಗುವುದು ಸೀರಿಯಂ ಪ್ರಧಾನವಾದ ಬಗೆ. ವಿರಳ ಭೂಲೋಹಗಳನ್ನು ಹಗುರ ಮತ್ತು ಭಾರ ಎಂದು ಎರಡು ಗುಂಪು ಮಾಡುವುದುಂಟು. ಮೊನಜೈಟ್ ಹಗುರ ಗುಂಪನ್ನು ಒಳಗೊಳ್ಳುತ್ತದೆ. ಯಿಟ್ರಿಯಂ ಹಾಗೂ ಭಾರ ಗುಂಪಿನ ಲೋಹಗಳಿಗೆ ಕ್ಸೆನೋಟೈಮ್ ಎಂಬ ಮತ್ತೊಂದು ಫಾಸ್ಫೇಟ್ ಖನಿಜ ಆಶ್ರಯ. ಪರಮಾಣುಗಳ ಗಾತ್ರವೇ ಈ ಹಂಚಿಕೆಗೆ ಕಾರಣ.

ಮೊನಜೈಟಿನ ಬಣ್ಣ ಹಳದಿಯಿಂದ ಕೆಂಪು ಮಿಶ್ರಿತ ಕಂದಿನವರೆಗೆ ಬದಲಾಗುತ್ತದೆ. ಮೋಸ್ ಕಾಠಿಣ್ಯ ಮಾಪಕದಲ್ಲಿ ಇದರ ಸ್ಥಾನ 5ರಿಂದ 5.5. ಅಂದರೆ ಇದು ಬೆಣಚುಕಲ್ಲಿಗಿಂತ ಮೃದು. ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 4.6ರಿಂದ 5.5ರ ನಡುವೆ ಇದ್ದು, ಥೋರಿಯಂ ಹೆಚ್ಚಿದಂತೆ ಏರುತ್ತದೆ. ಸಾಮಾನ್ಯ ಮರಳಿನ ಸಾಂದ್ರತೆ 2.65. ಹೀಗಾಗಿ ಒಂದೇ ಗಾತ್ರದ ಎರಡು ಕಣಗಳಲ್ಲಿ ಮೊನಜೈಟ್ ಕಣ ಸುಮಾರು ಎರಡು ಪಟ್ಟು ಭಾರ. ವಿದ್ಯುತ್ತನ್ನು ಇದು ಹಾಯಗೊಡುವುದಿಲ್ಲ. ಬಲವಾದ ಅಯಸ್ಕಾಂತಕ್ಕೆ ತುಸು ಮಟ್ಟಿಗೆ ಸ್ಪಂದಿಸುತ್ತದೆ. ಮಳೆನೀರಿನಲ್ಲಾಗಲಿ, ಸಮುದ್ರದ ನೀರಿನಲ್ಲಾಗಲಿ ಸುಲಭಕ್ಕೆ ಕರಗುವುದಿಲ್ಲ.

ಹರಳಿನೊಳಗೆ ಪ್ರತಿ ವಿರಳ ಭೂಲೋಹದ ಪರಮಾಣುವನ್ನು ಒಂಬತ್ತು ಆಮ್ಲಜನಕ ಪರಮಾಣುಗಳು ಸುತ್ತುವರಿದಿವೆ. ಈ ಗೂಡು ಅಷ್ಟೇನೂ ಬಿಗಿಯಲ್ಲ. ಗಾತ್ರ ಹತ್ತಿರವಿರುವ ಥೋರಿಯಂ ಮತ್ತು ಯುರೇನಿಯಂ ಪರಮಾಣುಗಳು ಅದೇ ಗೂಡಿನಲ್ಲಿ ಬಂದು ಕೂರಬಲ್ಲವು. ವಿದ್ಯುದಾವೇಶದ ವ್ಯತ್ಯಾಸವನ್ನು ಸರಿದೂಗಿಸಲು ಜೊತೆಗೆ ಕ್ಯಾಲ್ಸಿಯಂ ಅಥವಾ ಸಿಲಿಕಾನ್ ಒಳಸೇರುತ್ತದೆ. ಕ್ಯಾಲ್ಸಿಯಂ ಮತ್ತು ಥೋರಿಯಂ ಎರಡೂ ಹೇರಳವಾಗಿರುವ ಒಂದು ಬಗೆಯನ್ನು 1953ರಲ್ಲಿ ಹಿಂದಿನ ತಿರುವಾಂಕೂರು ಪ್ರದೇಶದ ಮಾದರಿಯಿಂದ ಬಣ್ಣಿಸಲಾಯಿತು. ಕೇರಳದ ಹಳೆಯ ಹೆಸರನ್ನು ನೆನಪಿಸುವಂತೆ ಅದಕ್ಕೆ ‘ಚೆರಲೈಟ್’ ಎಂದು ಹೆಸರಿಡಲಾಗಿದೆ.

ಈ ರಚನೆಯ ಪರಿಣಾಮ ದೊಡ್ಡದು. ಥೋರಿಯಂ ಎನ್ನುವುದು ಮೊನಜೈಟಿನ ಮೇಲೆ ಅಂಟಿದ ಕೊಳೆಯಲ್ಲ, ಅದರ ಮೈಯ ಭಾಗವೇ. ತೊಳೆದರೆ, ಜರಡಿ ಹಿಡಿದರೆ, ಪುಡಿ ಮಾಡಿದರೆ ಅದು ಬೇರ್ಪಡುವುದಿಲ್ಲ. ಹರಳನ್ನೇ ರಾಸಾಯನಿಕವಾಗಿ ಒಡೆಯಬೇಕು.

ಶಿಲೆಯಲ್ಲಿ ಹುಟ್ಟು

ಭೂಮಿಯೊಳಗಿನ ಶಿಲಾರಸ ತಣಿದು ಗ್ರಾನೈಟ್ ಆಗುವಾಗ ಮೊನಜೈಟ್ ಹರಳುಗಟ್ಟುತ್ತದೆ. ಗ್ರಾನೈಟಿನ ಕೊನೆಯ ರಸ ಬಿರುಕುಗಳಲ್ಲಿ ತುಂಬಿ ದೊಡ್ಡ ಹರಳುಗಳಾಗುವ ಪೆಗ್ಮಟೈಟ್ ಶಿಲೆಗಳಲ್ಲಿ ಇದರ ಹರಳುಗಳೂ ದೊಡ್ಡವು. ಜೇಡಿಪದರಗಳು ಆಳದಲ್ಲಿ ಕಾವು ಮತ್ತು ಒತ್ತಡಕ್ಕೆ ಸಿಕ್ಕು ರೂಪಾಂತರ ಹೊಂದುವಾಗಲೂ ಮೊನಜೈಟ್ ಹೊಸದಾಗಿ ಬೆಳೆಯುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಶಿಲೆಗಳಲ್ಲಿ ಮಾತ್ರ ವಿರಳ ಭೂಲೋಹಗಳು ಅಪಟೈಟ್ ಇಲ್ಲವೇ ಅಲನೈಟ್ ಖನಿಜದೊಳಗೆ ಹೋಗುವುದರಿಂದ ಇದಕ್ಕೆ ಅವಕಾಶ ಕಡಿಮೆ.

ಕಾರ್ಬೊನೇಟ್ ಖನಿಜಗಳಿಂದಲೇ ಆದ ಕಾರ್ಬೊನಟೈಟ್ ಎಂಬ ಅಪೂರ್ವ ಅಗ್ನಿಶಿಲೆ ಮೂರನೆಯ ನೆಲೆ. ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ವೆಲ್ಡ್‌ನಲ್ಲಿ ಇಂತಹ ಶಿಲೆ ದೀರ್ಘಕಾಲ ಶಿಥಿಲಗೊಂಡು, ವಿರಳ ಭೂಲೋಹಗಳು ಮೇಲ್ಪದರದಲ್ಲಿ ಸಾಂದ್ರವಾಗಿವೆ. ಅಲ್ಲಿನ ಮೊನಜೈಟಿನಲ್ಲಿ ಥೋರಿಯಂ ಕಡಿಮೆ ಇರುವುದು ಗಮನಾರ್ಹ. ಚೀನಾದ ಒಳ ಮಂಗೋಲಿಯಾದಲ್ಲಿರುವ ಬಯಾನ್ ಓಬೊ ಗಣಿಯಲ್ಲಿ ಬಾಸ್ಟ್ನಸೈಟ್ ಎಂಬ ಕಾರ್ಬೊನೇಟ್ ಖನಿಜದ ಜೊತೆ ಮೊನಜೈಟ್ ಇದೆ. ದಕ್ಷಿಣ ಆಫ್ರಿಕಾದ ಸ್ಟೀನ್‌ಕಾಂಪ್ಸ್‌ಕ್ರಾಲ್‌ನಲ್ಲಿ ಶಿಲೆಯೊಳಗಿನ ಎಳೆಯಂಥ ನಿಕ್ಷೇಪದಿಂದಲೇ 1950ರ ದಶಕದಲ್ಲಿ ಮೊನಜೈಟ್ ತೆಗೆಯಲಾಗುತ್ತಿತ್ತು.

ಕಡಲು ಮಾಡುವ ಜರಡಿ ಕೆಲಸ

ಭಾರತದ ಪ್ರಮುಖ ನಿಕ್ಷೇಪಗಳು ಮೂಲಶಿಲೆಯಲ್ಲಿಲ್ಲ, ಮರಳಿನಲ್ಲಿವೆ. ದಕ್ಷಿಣ ಕೇರಳ ಮತ್ತು ಕನ್ಯಾಕುಮಾರಿಯ ಒಳನಾಡಿನಲ್ಲಿ ಖೊಂಡಲೈಟ್, ಚಾರ್ನೊಕೈಟ್ ಮತ್ತು ಗಾರ್ನೆಟ್‌ಯುಕ್ತ ನೈಸ್ ಶಿಲೆಗಳು ಹರಡಿವೆ. ಸುಮಾರು 55 ಕೋಟಿ ವರ್ಷಗಳ ಹಿಂದೆ ಭಾರಿ ಕಾವಿನಲ್ಲಿ ಬೆಂದು ರೂಪಾಂತರಗೊಂಡ ಈ ಶಿಲೆಗಳಲ್ಲಿ ಮೊನಜೈಟ್ ಚದುರಿಕೊಂಡಿದೆ. ಉಷ್ಣವಲಯದ ಬಿಸಿಲು ಮಳೆಗೆ ಶಿಲೆ ಕೊಳೆತು ಜಂಬಿಟ್ಟಿಗೆಯಾಗುತ್ತದೆ. ಫೆಲ್ಡ್‌ಸ್ಪಾರ್, ಅಭ್ರಕ ಮುಂತಾದವು ಜೇಡಿಯಾಗಿ ಕೊಚ್ಚಿಹೋಗುತ್ತವೆ. ಕರಗದ ಇಲ್ಮೆನೈಟ್, ರೂಟೈಲ್, ಜಿರ್ಕಾನ್, ಸಿಲಿಮನೈಟ್, ಗಾರ್ನೆಟ್ ಮತ್ತು ಮೊನಜೈಟ್ ಕಣಗಳು ಮಾತ್ರ ಹೊಳೆಗಳ ದಾರಿ ಹಿಡಿದು ಕಡಲು ಸೇರುತ್ತವೆ.

ಅಲ್ಲಿಂದ ಮುಂದಿನದು ಅಲೆಗಳ ಕೆಲಸ. ಅಕ್ಕಿಯನ್ನು ಮೊರದಲ್ಲಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ, ದಡಕ್ಕೆ ಬಡಿದ ಅಲೆ ಹಿಂದಿರುಗುವಾಗ ಹಗುರವಾದ ಬಿಳಿ ಮರಳನ್ನು ಎಳೆದೊಯ್ದು ಭಾರದ ಕಣಗಳನ್ನು ದಡದಲ್ಲೇ ಬಿಡುತ್ತದೆ. ಮುಂಗಾರಿನ ಅಬ್ಬರದಲ್ಲಿ ಈ ಕ್ರಿಯೆ ಬಿರುಸಾಗಿ, ಕಪ್ಪು ಮರಳಿನ ಪದರಗಳು ಎದ್ದು ಕಾಣುತ್ತವೆ. ಸಹಸ್ರಾರು ವರ್ಷ ನಡೆದ ಈ ಕೇರುವಿಕೆಯ ಫಲವೇ ನೀಂಡಕರದಿಂದ ಕಾಯಂಕುಳಂವರೆಗೆ ಸುಮಾರು 22 ಕಿ.ಮೀ. ಉದ್ದಕ್ಕೆ ಚಾಚಿರುವ ಚವರ ನಿಕ್ಷೇಪ. ಇಷ್ಟಾದರೂ ಅಲ್ಲಿನ ಭಾರ ಖನಿಜಗಳಲ್ಲಿ ಸಿಂಹಪಾಲು ಇಲ್ಮೆನೈಟಿನದು. ಮೊನಜೈಟಿನ ಪಾಲು ಅದರ ಮುಂದೆ ಬಹಳ ಚಿಕ್ಕದು.

ಪರಮಾಣು ಖನಿಜ ಅನ್ವೇಷಣೆ ಮತ್ತು ಸಂಶೋಧನಾ ನಿರ್ದೇಶನಾಲಯದ ಅಂದಾಜನ್ನು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿನ ಮುಂದಿಟ್ಟಿತು. ಅದರಂತೆ ದೇಶದಲ್ಲಿ 1.315 ಕೋಟಿ ಟನ್ ಮೊನಜೈಟ್ ಇದ್ದು, ಅದರೊಳಗೆ 72.3 ಲಕ್ಷ ಟನ್ ವಿರಳ ಭೂಲೋಹಗಳ ಆಕ್ಸೈಡ್ ಇದೆ. ಆಂಧ್ರಪ್ರದೇಶ, ಒಡಿಶಾ, ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳ, ಜಾರ್ಖಂಡ್, ಗುಜರಾತ್ ಮತ್ತು ಮಹಾರಾಷ್ಟ್ರಗಳ ಕಡಲತೀರ, ಕೆಂಪು ಮರಳಿನ ದಿಬ್ಬ ಹಾಗೂ ಒಳನಾಡಿನ ಮೆಕ್ಕಲು ಮಣ್ಣಿನಲ್ಲಿ ಈ ನಿಕ್ಷೇಪ ಹಂಚಿಹೋಗಿದೆ.

ಈ ಪಟ್ಟಿಯಲ್ಲಿ ಕರ್ನಾಟಕದ ಹೆಸರಿಲ್ಲ. ಆದರೆ ರಾಜ್ಯದ ಕರಾವಳಿಯಲ್ಲಿ ಮೊನಜೈಟ್ ಇಲ್ಲವೇ ಇಲ್ಲ ಎಂದು ಇದರ ಅರ್ಥವಲ್ಲ. ನೇತ್ರಾವತಿ ಕಡಲು ಸೇರುವ ತಾಣದ ದಕ್ಷಿಣಕ್ಕಿರುವ ಉಳ್ಳಾಲದ ತೀರದಲ್ಲಿ ಸಹಜ ಮಟ್ಟಕ್ಕಿಂತ ಹೆಚ್ಚಿನ ನೈಸರ್ಗಿಕ ವಿಕಿರಣ ಇರುವುದನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿ, 1993ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು. ಮೊನಜೈಟ್‌ಯುಕ್ತ ಮರಳಿನ ತೇಪೆಗಳೊಂದಿಗೆ ಈ ವಿಕಿರಣದ ನಂಟಿದೆ. ಗಣಿಗಾರಿಕೆಗೆ ಒದಗುವ ನಿಕ್ಷೇಪ ಬೇರೆ, ಉಪಕರಣಕ್ಕೆ ಸಿಗುವಷ್ಟು ಇರುವಿಕೆ ಬೇರೆ ಎಂಬುದಕ್ಕೆ ಉಳ್ಳಾಲ ಉದಾಹರಣೆ.

ಕಲ್ಲಿನೊಳಗಿನ ಗಡಿಯಾರ

ಥೋರಿಯಂ 232ರ ಅರ್ಧಾಯು ಸುಮಾರು 1,405 ಕೋಟಿ ವರ್ಷ. ಯುರೇನಿಯಂ 238ರದು ಸುಮಾರು 447 ಕೋಟಿ ವರ್ಷ. ಎರಡೂ ಹಂತಹಂತವಾಗಿ ಕ್ಷಯಿಸಿ ಕೊನೆಗೆ ಸೀಸವಾಗುತ್ತವೆ. ಮೊನಜೈಟ್ ಹುಟ್ಟುವಾಗ ತನ್ನೊಳಗೆ ಸೀಸವನ್ನು ಹೆಚ್ಚು ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಇಂದು ಅದರಲ್ಲಿ ಕಾಣುವ ಸೀಸ ಬಹುಪಾಲು ಒಳಗೇ ಹುಟ್ಟಿದ್ದು. ಥೋರಿಯಂ, ಯುರೇನಿಯಂ ಮತ್ತು ಸೀಸದ ಪ್ರಮಾಣ ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ.

ವಿಕಿರಣಶೀಲ ಧಾತುಗಳಿರುವ ಅನೇಕ ಖನಿಜಗಳು ಒಳಗಿನ ವಿಕಿರಣದ ಹೊಡೆತಕ್ಕೇ ಕಾಲಕ್ರಮೇಣ ತಮ್ಮ ಹರಳಿನ ಶಿಸ್ತನ್ನು ಕಳೆದುಕೊಳ್ಳುತ್ತವೆ. ಜಿರ್ಕಾನ್‌ಗೂ ಈ ಗತಿ ತಪ್ಪಿದ್ದಲ್ಲ. ಮೊನಜೈಟ್ ಇದಕ್ಕೆ ಅಪವಾದ. ಸ್ಥಾನ ತಪ್ಪಿದ ಪರಮಾಣುಗಳು ಮತ್ತೆ ಸ್ವಸ್ಥಾನಕ್ಕೆ ಮರಳುವುದರಿಂದ ಹರಳು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ. ಆದರೆ ನೆರೆಹೊರೆಗೆ ಈ ರಕ್ಷಣೆ ಇಲ್ಲ. ಮೊನಜೈಟ್ ಕಣವನ್ನು ಸುತ್ತಿಕೊಂಡಿರುವ ಕಪ್ಪು ಅಭ್ರಕದಲ್ಲಿ ಕಡುಬಣ್ಣದ ಉಂಗುರಗಳು ಮೂಡಿರುತ್ತವೆ. ಕಣದಿಂದ ಹೊಮ್ಮಿದ ಆಲ್ಫಾ ಕಣಗಳು ಸಾಗಿದಷ್ಟು ದೂರಕ್ಕೆ ಆ ಉಂಗುರ ಹರಡಿರುತ್ತದೆ.

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸುಜುಕಿ ಮತ್ತು ಅಡಾಚಿ 1991ರಲ್ಲಿ, ಎಲೆಕ್ಟ್ರಾನ್ ಕಿರಣದಿಂದ ಕಣದ ಒಂದೊಂದು ಬಿಂದುವಿನ ವಯಸ್ಸನ್ನೂ ಲೆಕ್ಕಹಾಕುವ ವಿಧಾನವನ್ನು ಮುಂದಿಟ್ಟರು. ಕೆಲವೇ ಸಹಸ್ರಾಂಶ ಮಿಲಿಮೀಟರ್ ಅಗಲದ ಜಾಗ ಸಾಕು. ಒಂದೇ ಕಣದ ನಡುಭಾಗಕ್ಕೂ ಅಂಚಿಗೂ ಕೋಟ್ಯಂತರ ವರ್ಷಗಳ ಅಂತರವಿರುವುದು ಇದರಿಂದ ಕಾಣಸಿಗುತ್ತದೆ. ಪರ್ವತವೊಂದು ಎಷ್ಟು ಬಾರಿ ಕಾವಿಗೆ ಸಿಕ್ಕಿತು ಎಂಬ ಚರಿತ್ರೆ ಮರದ ಉಂಗುರಗಳಂತೆ ಕಣದೊಳಗೆ ದಾಖಲಾಗಿರುತ್ತದೆ.

ಇದೇ ತಾಳಿಕೆಯ ಕಾರಣದಿಂದ ಮೊನಜೈಟ್ ಮಾದರಿಯ ಕೃತಕ ಫಾಸ್ಫೇಟುಗಳಲ್ಲಿ ಪರಮಾಣು ತ್ಯಾಜ್ಯವನ್ನು ಬಂಧಿಸಿಡಬಹುದೇ ಎಂಬ ಸಂಶೋಧನೆಯೂ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ಸೇರಿದಂತೆ ಹಲವೆಡೆ ನಡೆದಿದೆ. ಪ್ರಕೃತಿ ಕೋಟ್ಯಂತರ ವರ್ಷ ಥೋರಿಯಂ ಅನ್ನು ಸೋರದಂತೆ ಹಿಡಿದಿಟ್ಟ ಪಾತ್ರೆ ಇದು ಎಂಬುದೇ ಅದರ ತರ್ಕ.

ಗ್ಯಾಸ್‌ಲೈಟಿನಿಂದ ಅಣುಶಕ್ತಿಯವರೆಗೆ

ಮೊನಜೈಟಿಗೆ ಮೊದಲು ಬೆಲೆ ತಂದದ್ದು ದೀಪ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ಅವರು 1891ರ ಹೊತ್ತಿಗೆ ಶೇ 99 ಥೋರಿಯಂ ಆಕ್ಸೈಡ್ ಮತ್ತು ಶೇ 1 ಸೀರಿಯಂ ಆಕ್ಸೈಡ್ ಇರುವ ಮ್ಯಾಂಟಲನ್ನು ರೂಪಿಸಿದರು. ಬಟ್ಟೆಯ ಚೀಲವನ್ನು ಈ ಲೋಹಗಳ ಲವಣದ ದ್ರಾವಣದಲ್ಲಿ ನೆನೆಸಿ ಒಣಗಿಸಿ ಉರಿಸಿದರೆ ಬಟ್ಟೆ ಸುಟ್ಟು ಆಕ್ಸೈಡಿನ ಜಾಲ ಉಳಿಯುತ್ತದೆ. ಜ್ವಾಲೆಯ ಕಾವಿಗೆ ಅದು ಪ್ರಖರವಾಗಿ ಬೆಳಗುತ್ತದೆ. ಕರ್ನಾಟಕದ ಜಾತ್ರೆ, ಮದುವೆ, ಯಕ್ಷಗಾನ ಬಯಲಾಟಗಳನ್ನು ದಶಕಗಳ ಕಾಲ ಬೆಳಗಿಸಿದ ಗ್ಯಾಸ್‌ಲೈಟಿನ ಮ್ಯಾಂಟಲಿನ ಮೂಲವೂ ಈ ಆವಿಷ್ಕಾರವೇ.

ಥೋರಿಯಂಗಾಗಿ ಮೊದಲು ಅಮೆರಿಕದ ಕೆರೊಲಿನಾ ಪ್ರದೇಶದ ಹೊಳೆಮರಳನ್ನೂ, ಬಳಿಕ ಬ್ರೆಜಿಲ್ಲಿನ ಕಡಲ ಮರಳನ್ನೂ ಉದ್ಯಮ ನೆಚ್ಚಿಕೊಂಡಿತ್ತು. 1909ರಲ್ಲಿ ಜರ್ಮನಿಯ ಸಿ. ಡಬ್ಲ್ಯು. ಶೋಂಬರ್ಗ್ ಅವರು ತಿರುವಾಂಕೂರಿನಿಂದ ಆಮದಾದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಇರುವುದನ್ನು ಕಂಡರು. ಆ ಮರಳಿನ ಮೂಲವನ್ನು ಹುಡುಕಿಕೊಂಡು ಬಂದದ್ದೇ ಭಾರತದ ಕಡಲ ಮರಳು ಉದ್ಯಮದ ನಾಂದಿ. 1911ರಲ್ಲಿ ಮಣವಾಳಕುರಿಚಿಯಲ್ಲಿ ಕೆಲಸ ಆರಂಭವಾಯಿತು. ವಿದ್ಯುದ್ದೀಪ ಬಂದ ಮೇಲೆ ಮ್ಯಾಂಟಲಿನ ಬೇಡಿಕೆ ಕುಗ್ಗಿತು. ಪರಮಾಣು ಯುಗ ಬಂದು ಥೋರಿಯಂಗೆ ಬೇರೆಯದೇ ಮಹತ್ವ ಬಂತು.

ಸ್ವಾತಂತ್ರ್ಯಾನಂತರ 1950ರ ಆಗಸ್ಟ್ 18ರಂದು ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಸ್ಥಾಪನೆಯಾಯಿತು. 1952ರಲ್ಲಿ ಕೇರಳದ ಆಲುವಾದಲ್ಲಿ ಮೊನಜೈಟ್ ಸಂಸ್ಕರಣೆ ಶುರುವಾಯಿತು. ಡಾ. ಹೋಮಿ ಭಾಭಾ ಅವರು ರೂಪಿಸಿದ ಮೂರು ಹಂತಗಳ ಪರಮಾಣು ಕಾರ್ಯಕ್ರಮದ ಕೊನೆಯ ಹಂತ ಥೋರಿಯಂ ಅನ್ನೇ ನೆಚ್ಚಿದೆ. ಥೋರಿಯಂ ತಾನಾಗಿ ಇಂಧನವಲ್ಲ. ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹೀರಿ ಯುರೇನಿಯಂ 233 ಆದ ಮೇಲಷ್ಟೇ ಅದು ವಿದಳನಕ್ಕೆ ಒದಗುತ್ತದೆ. ಈ ಯುರೇನಿಯಂ 233 ಬಳಸುವ ‘ಕಾಮಿನಿ’ ಎಂಬ ಪುಟ್ಟ ಸಂಶೋಧನಾ ರಿಯಾಕ್ಟರ್ 1996ರಲ್ಲಿ ಕಲ್ಪಾಕ್ಕಂನಲ್ಲಿ ಚಾಲನೆಗೊಂಡಿತು.

ಗಂಟು ಬಿಚ್ಚುವ ಕ್ರಮ

ಮರಳಿನಿಂದ ಮೊನಜೈಟ್ ಬೇರ್ಪಡಿಸಲು ಭೌತಿಕ ಗುಣಗಳೇ ಸಾಕು. ಸುರುಳಿಯಾಕಾರದ ಕಾಲುವೆಯಲ್ಲಿ ನೀರಿನೊಂದಿಗೆ ಮರಳನ್ನು ಹರಿಸಿದರೆ ಭಾರದ ಕಣಗಳು ಒಳಬದಿಗೆ ಸರಿಯುತ್ತವೆ. ಅಯಸ್ಕಾಂತದ ಬಲ ಹೆಚ್ಚು ಕಡಿಮೆ ಮಾಡಿ ಇಲ್ಮೆನೈಟನ್ನು ಎತ್ತುತ್ತಾರೆ. ವಿದ್ಯುತ್ ಕ್ಷೇತ್ರದಲ್ಲಿ ಹಾಯಿಸಿದಾಗ ವಿದ್ಯುದ್ವಾಹಕವಾದ ರೂಟೈಲ್ ಒಂದೆಡೆಗೂ, ವಾಹಕವಲ್ಲದ ಜಿರ್ಕಾನ್ ಮತ್ತು ಮೊನಜೈಟ್ ಇನ್ನೊಂದೆಡೆಗೂ ಬೀಳುತ್ತವೆ. ಇವೆರಡರಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವುದು ಮೊನಜೈಟ್ ಮಾತ್ರ.

ನಂತರದ ಹಂತ ರಾಸಾಯನಿಕ. ನುಣ್ಣಗೆ ಅರೆದ ಮೊನಜೈಟನ್ನು ಕಾಸ್ಟಿಕ್ ಸೋಡಾದ ಗಟ್ಟಿ ದ್ರಾವಣದಲ್ಲಿ ಕುದಿಸಿದಾಗ ಫಾಸ್ಫೇಟ್ ಭಾಗ ಕರಗಿ ಟ್ರೈಸೋಡಿಯಂ ಫಾಸ್ಫೇಟ್ ಎಂಬ ಮಾರಾಟಯೋಗ್ಯ ಉಪೋತ್ಪನ್ನವಾಗುತ್ತದೆ. ಉಳಿದ ಹೈಡ್ರಾಕ್ಸೈಡುಗಳ ಮಿಶ್ರಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹದವರಿತು ಸೇರಿಸಿದರೆ ವಿರಳ ಭೂಲೋಹಗಳು ಕರಗಿ, ಥೋರಿಯಂ ತಳದಲ್ಲಿ ಉಳಿಯುತ್ತದೆ. ಥೋರಿಯಂನ ಸಂತತಿಯಾದ ರೇಡಿಯಂ ಅನ್ನು ಬೇರಿಯಂ ಸಲ್ಫೇಟಿನ ಜೊತೆ ಕೆಳಗಿಳಿಸಿ ಪ್ರತ್ಯೇಕಿಸಬೇಕು. ಬಳಿಕ ವಿರಳ ಭೂಲೋಹಗಳನ್ನು ಒಂದರಿಂದೊಂದು ಬಿಡಿಸುವ ದೀರ್ಘ ಕೆಲಸ.

ಲೆಕ್ಕ ಹಾಕಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಭಾರತದ ಮೊನಜೈಟಿನಲ್ಲಿ ಶೇ 55ರಿಂದ 60ರಷ್ಟು ವಿರಳ ಭೂಲೋಹಗಳ ಆಕ್ಸೈಡ್, ಶೇ 8ರಿಂದ 10ರಷ್ಟು ಥೋರಿಯಂ ಆಕ್ಸೈಡ್ ಇದೆ. ನೂರು ಕಿಲೋ ಮೊನಜೈಟ್ ಒಡೆದರೆ ಅಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ ಆಕ್ಸೈಡ್ ಸಿಗುವುದು ಅಂದಾಜು 14 ಕಿಲೋ. ಅದರ ಜೊತೆಗೇ ಸುಮಾರು 9 ಕಿಲೋ ಥೋರಿಯಂ ಆಕ್ಸೈಡ್ ಕೈಸೇರುತ್ತದೆ. ಅದನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ, ಸುರಕ್ಷಿತವಾಗಿ ಕಾಯ್ದಿಡಬೇಕು. ಹೆಚ್ಚಿನ ಪಾಲಿನ ಸೀರಿಯಂ ಮತ್ತು ಲ್ಯಾಂಥನಂಗೆ ಬೆಲೆ ಕಡಿಮೆ. ಮೋಟಾರಿನ ಅಯಸ್ಕಾಂತ ಕಾವು ತಾಳಲು ಬೇಕಾದ ಡಿಸ್ಪ್ರೋಸಿಯಂ, ಟರ್ಬಿಯಂಗಳಂಥ ಭಾರ ಗುಂಪಿನ ಲೋಹಗಳು ಈ ಖನಿಜದಲ್ಲಿ ತೀರಾ ಅತ್ಯಲ್ಪ.

ವಿಕಿರಣದ ಭಯ ಮತ್ತು ವಾಸ್ತವ

ಮೊನಜೈಟ್ ಮರಳಿನ ಮೇಲೆಯೇ ತಲೆಮಾರುಗಳಿಂದ ಬದುಕಿರುವ ಜನರ ಗತಿಯೇನು? ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿ ತಾಲ್ಲೂಕಿನಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ನಡೆಸಿದ ದೀರ್ಘ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 69,958 ಮಂದಿಯನ್ನು ಸರಾಸರಿ ಹತ್ತೂವರೆ ವರ್ಷ ಗಮನಿಸಲಾಗಿತ್ತು. ಆ ಕರಾವಳಿ ಪಟ್ಟಿಯಲ್ಲಿ ಹೊರಗಿನ ವಿಕಿರಣದ ಪ್ರಮಾಣ ವರ್ಷಕ್ಕೆ ಸುಮಾರು 4 ಮಿಲಿಗ್ರೇ ಇದ್ದು, ಕೆಲವು ಜಾಗಗಳಲ್ಲಿ 70 ಮಿಲಿಗ್ರೇವರೆಗೂ ಏರುತ್ತದೆ. ಹೋಲಿಕೆಗೆ ಹೇಳುವುದಾದರೆ, ಒಳಗಿನ ಹೊರಗಿನ ಎಲ್ಲ ನೈಸರ್ಗಿಕ ಮೂಲಗಳನ್ನೂ ಸೇರಿಸಿ ಜಗತ್ತಿನ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಎಂಬುದು ಒಪ್ಪಿತ ಅಂಕಿ. ಹಾಗಿದ್ದೂ ಹೊರಗಿನ ಗಾಮಾ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾಗಿರುವುದು ಈ ಅಧ್ಯಯನದಲ್ಲಿ ಕಂಡುಬರಲಿಲ್ಲ.

ಆದರೆ ಈ ನಿಷ್ಕರ್ಷೆಯನ್ನು ಎಳೆದಾಡಬಾರದು. ದಡದ ಮೇಲೆ ಮರಳಾಗಿ ಬಿದ್ದಿರುವ ಮೊನಜೈಟ್ ಬೇರೆ, ಅರೆದು ಧೂಳಾಗಿ ಶ್ವಾಸಕೋಶ ಸೇರುವ ಮೊನಜೈಟ್ ಬೇರೆ. ಹರಳು ಒಡೆದ ಮೇಲೆ ರೇಡಿಯಂ ಮತ್ತು ಥೋರಾನ್ ಅನಿಲಕ್ಕೆ ಇದ್ದ ಬೀಗ ಕಳಚಿದಂತೆ. ಮಲೇಷ್ಯಾದ ಇಪೋ ನಗರದ ಬಳಿಯ ಬುಕಿತ್ ಮೆರಾದಲ್ಲಿ ತವರದ ಗಣಿಗಳ ಉಳಿಕೆ ಮರಳಿನಿಂದ ಸಿಕ್ಕ ಮೊನಜೈಟನ್ನು ಸಂಸ್ಕರಿಸುತ್ತಿದ್ದ ಘಟಕ 1982ರಲ್ಲಿ ಆರಂಭವಾಗಿ, ಥೋರಿಯಂ ತ್ಯಾಜ್ಯದ ವಿರುದ್ಧ ನಿವಾಸಿಗಳು ನಡೆಸಿದ ದೀರ್ಘ ಕಾನೂನು ಹೋರಾಟದ ನಡುವೆ 1994ರಲ್ಲಿ ಮುಚ್ಚಿತು. ಆ ಜಾಗದ ಶುದ್ಧೀಕರಣಕ್ಕೆ ಮತ್ತೆ ಹಲವು ವರ್ಷಗಳು ಹಿಡಿದವು. ಥೋರಿಯಂ ನಿಭಾಯಿಸುವ ಹೊರೆಯಿಂದಾಗಿ 1990ರ ದಶಕದಲ್ಲಿ ಆಸ್ಟ್ರೇಲಿಯಾದ ಕಡಲ ಮರಳಿನ ಮೊನಜೈಟ್ ವ್ಯಾಪಾರವೂ ನಿಂತುಹೋಯಿತು. ಆ ಜಾಗವನ್ನು ತುಂಬಿದ್ದು ಚೀನಾ.

ಮುಂದಿನ ದಾರಿ

ಭಾರತದಲ್ಲಿ ಮೊನಜೈಟ್ ಪರಮಾಣು ಖನಿಜಗಳ ಪಟ್ಟಿಯಲ್ಲಿದೆ. 2019ರಿಂದ ಕಡಲ ಮರಳಿನ ಗಣಿಗಾರಿಕೆ ಸರ್ಕಾರಿ ಸಂಸ್ಥೆಗಳಿಗಷ್ಟೇ ಮೀಸಲು. 2023ರ ಗಣಿ ಕಾಯ್ದೆ ತಿದ್ದುಪಡಿ ಲಿಥಿಯಂ ಸೇರಿದಂತೆ ಆರು ಖನಿಜಗಳನ್ನು ಪರಮಾಣು ಪಟ್ಟಿಯಿಂದ ಹೊರತೆಗೆದರೂ ಮೊನಜೈಟ್ ಅಲ್ಲೇ ಉಳಿಯಿತು. ತಮಿಳುನಾಡಿನಲ್ಲಿ ಖಾಸಗಿಯವರ ಕಡಲ ಮರಳು ಗಣಿಗಾರಿಕೆಗೆ 2013ರಲ್ಲಿ ತಡೆ ಬಿದ್ದಿತು. ಅಕ್ರಮದ ಆರೋಪಗಳ ತನಿಖೆಯನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಸಿಬಿಐಗೆ ಒಪ್ಪಿಸಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಕಾ ಸಾಮರ್ಥ್ಯ ಬೆಳೆಸಲು ₹7,280 ಕೋಟಿಯ ಯೋಜನೆಗೆ ಒಪ್ಪಿಗೆ ನೀಡಿದೆ. ಈ ಅಯಸ್ಕಾಂತಗಳಿಗೆ ದೇಶದೊಳಗೆ ದೊರೆಯುವ ನಿಯೋಡಿಮಿಯಂನ ಮುಖ್ಯ ಮೂಲ ಮೊನಜೈಟ್.

ಗುರಿ ಏರಿದಷ್ಟೂ ಹೆಚ್ಚು ಮರಳು ಅಗೆಯಬೇಕು. ಚವರದ ಪಕ್ಕದ ಆಲಪ್ಪಾಡ್ ಪಂಚಾಯಿತಿ ಒಂದೆಡೆ ಕಡಲು, ಇನ್ನೊಂದೆಡೆ ಕಾಲುವೆ ಇರುವ ಕಿರಿದಾದ ನೆಲಪಟ್ಟಿ. ಗಣಿಗಾರಿಕೆಯಿಂದ ತಮ್ಮ ಊರು ಕಡಲಪಾಲಾಗುತ್ತಿದೆ ಎಂದು ಅಲ್ಲಿನ ನಿವಾಸಿಗಳು 2018–19ರಲ್ಲಿ ಸರದಿ ಉಪವಾಸ ನಡೆಸಿದ್ದು ದೇಶದ ಗಮನ ಸೆಳೆದಿತ್ತು. ಮೀನುಗಾರರ ಮನೆಗಳು ನಿಂತಿರುವುದು ಇದೇ ಮರಳಿನ ಮೇಲೆ. ಅಲೆಗಳು ಸಹಸ್ರಾರು ವರ್ಷ ಕೇರಿ ಒಟ್ಟುಮಾಡಿದ ಪದರವನ್ನು ತೆಗೆದರೆ ಅದೇ ವೇಗದಲ್ಲಿ ಅದು ಮತ್ತೆ ತುಂಬುವುದಿಲ್ಲ.

ಹಾಗಾಗಿ ನಿಕ್ಷೇಪದ ಟನ್ ಲೆಕ್ಕವೊಂದೇ ಮೊನಜೈಟಿನ ಮೌಲ್ಯವನ್ನು ಹೇಳಲಾರದು. ಬೇರ್ಪಡಿಸುವ ಕಾರ್ಖಾನೆ, ಥೋರಿಯಂ ಕಾಯ್ದಿಡುವ ಉಗ್ರಾಣ, ಕಾರ್ಮಿಕರ ಧೂಳಿನ ರಕ್ಷಣೆ, ದಡದ ಊರುಗಳ ಒಪ್ಪಿಗೆ, ಇವೆಲ್ಲದರ ಖರ್ಚೂ ನಿಯೋಡಿಮಿಯಂ ಬೆಲೆಯಲ್ಲಿ ಸೇರಬೇಕು. ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಅಗ್ಗವಾಗಿ ತೆಗೆದ ಕಡೆಗಳಲ್ಲೆಲ್ಲ ಅದನ್ನು ಕೊನೆಗೆ ತೆತ್ತವರು ಸ್ಥಳೀಯರೇ.